ವಾರ್ಡಿಗೆ ಬೀಗ, ಕಿಟಕಿಗೆ ಫ್ಲೆಕ್ಸ್

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಆಸ್ಪತ್ರೆಯ ಐಸೊಲೇಷನ್ ವಾರ್ಡಿಗೆ ಬೀಗ ಬಿದ್ದಿರುವ ಸುದ್ದಿಯನ್ನು ಮಂಗಳವಾರ ಹಾಕಿದ್ದೀರಿ. ಆ ದಿನ ನಾನು ಅಲ್ಲೇ ಇದ್ದೆ. ಇನ್ನೂ ಮೈ ಉರಿಯುತ್ತಿದೆ.

ಕಾಲಿನ ಗಾಯ ಕೀವಾಗಿ ನಮ್ಮತ್ತೆಯನ್ನು ಸೇರಿಸಿದ್ದೆವು. ಅವರಿಗೆ ಶುಗರ್ ಇದೆ. ಪಕ್ಕದ ಮಂಚದ ಹುಡುಗಿಗೆ ರಾತ್ರಿಯಿಡೀ ಕೆಮ್ಮು. ಪಾಪ, ಕೆಮ್ಮು ಬಂದಾಗಲೆಲ್ಲ ವೇಲನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗುತ್ತಿದ್ದಳು. ಮೂರನೇ ದಿನ ಕಫದ ರಿಪೋರ್ಟ್ ಬಂತು, ಟಿಬಿ. ಆಮೇಲೂ ಅದೇ ಮಂಚ. ನಡುವೆ ನನ್ನ ಚಾಪೆ ಹಾಸುವಷ್ಟು ಜಾಗ, ಅಷ್ಟೇ. ಶುಗರ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ 2-3 ಪಟ್ಟು ಜಾಸ್ತಿ. ಇದು ಡಾಕ್ಟರಿಗೆ ಗೊತ್ತಿಲ್ಲವೇ?

ಆ ಹುಡುಗಿಯದೇನೂ ತಪ್ಪಿಲ್ಲ. ಟಿಬಿ ತಟ್ಟೆ ಲೋಟದಿಂದ ಬರುವುದಿಲ್ಲ, ಗಾಳಿಯಿಂದ ಬರುತ್ತದೆ. ಸರಿಯಾದ ಮಾತ್ರೆ ಶುರುವಾಗಿ ಎರಡು ವಾರ ಕಳೆದರೆ ಹರಡುವುದೂ ಬಹಳ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಬೇರೆ ಕೋಣೆ, ಎದುರುಬದುರು ತೆರೆದ ಕಿಟಕಿ, ಒಂದು ಮಾಸ್ಕ್. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಾ? ನಮ್ಮ ವಾರ್ಡಿನ ಒಂದು ಬದಿಯ ಕಿಟಕಿಗಳ ಮೇಲೆ ಹೊರಗಿನಿಂದ ಉದ್ಘಾಟನೆಯ ಫ್ಲೆಕ್ಸ್ ಕಟ್ಟಿದ್ದಾರೆ. ಇನ್ನೊಂದು ಬದಿಗೆ ಮೊಳೆ ಹೊಡೆದಿದ್ದಾರೆ. ಕೊರೊನಾ ಕಾಲದ ಐಸೊಲೇಷನ್ ವಾರ್ಡನ್ನು ಬಾಗಿಲ ಸಂದಿಯಿಂದ ಇಣುಕಿ ನೋಡಿದೆ. ಮುರಿದ ಸ್ಟ್ರೆಚರ್, ಹಳೇ ಫೈಲು, ಪ್ಲಾಸ್ಟಿಕ್ ಕೂಡ ಬಿಚ್ಚದ ಹಾಸಿಗೆಗಳು. ಮೇಲೆ ಎಸಿ ಬೇರೆ. ಕಿಟಕಿ ಮುಚ್ಚಿ, ಒಳಗಿನ ಗಾಳಿಯನ್ನೇ ತಿರುಗಿಸುವ ಎಸಿ ಹಾಕಿದರೆ ರೋಗ ಹೊರಗೆ ಹೋಗುವುದು ಹೇಗೆ? ಮಹಾರಾಜರ ಕಾಲದಲ್ಲಿ ಮೈಸೂರಿನ ಪಿಕೆಟಿಬಿ ಸ್ಯಾನಟೋರಿಯಂ ಎಂಬ ಟಿಬಿ ಆಸ್ಪತ್ರೆ ಕಟ್ಟಿದವರಿಗೆ ಗಾಳಿ ಬೆಳಕಿನ ಬೆಲೆ ಗೊತ್ತಿತ್ತು.

ಬೀಗದ ಕೈ ಕೇಳಿದರೆ ಸ್ಟೋರಿನವರ ಹತ್ತಿರ ಇದೆ ಎಂದರು. ಸ್ಟೋರಿನವರು ರಜೆ. ಸಾಹೇಬರು ಮೀಟಿಂಗಿನಲ್ಲಿ. ರಾತ್ರಿ ಎರಡು ವಾರ್ಡಿಗೆ ಒಬ್ಬರೇ ಸಿಸ್ಟರ್, ಅವರಿಗೂ ಎನ್-95 ಮಾಸ್ಕ್ ಇಲ್ಲ. ಹೊರಗಿನ ಮೆಡಿಕಲ್ಲಿಂದ ನಾನೇ ತಂದುಕೊಟ್ಟೆ. ಮೂರು ದಿನ ನನ್ನ ಬಟ್ಟೆ ಹೊಲಿಯುವ ಕೆಲಸ ನಿಂತಿತು. ಕೊನೆಗೆ ಬಾಡಿಗೆ ಕಾರು ಮಾಡಿ ಅತ್ತೆಯನ್ನು ಬೇರೆ ಕಡೆ ಸೇರಿಸಿದೆವು. ಆ ಹುಡುಗಿ ಎಲ್ಲಿಗೆ ಹೋಗಬೇಕು?

ನಮ್ಮೂರ ಅಧಿಕಾರಿಗಳೆಲ್ಲ ಹೀಗೇ. ಬಸ್‌ಸ್ಟ್ಯಾಂಡ್ ಹಿಂದಿನ ಚರಂಡಿಗೆ ಎರಡು ಸಲ ಅರ್ಜಿ ಕೊಟ್ಟೆವು. ಡೆಂಗಿ ಬಂದ ಮೇಲೆ ಒಂದು ದಿನ ಹೊಗೆ ಬಿಟ್ಟು, ಫೋಟೊ ತೆಗೆಸಿಕೊಂಡು ಹೋದರು. ವಿಧವಾ ವೇತನಕ್ಕೆ ಅತ್ತೆ ಎಂಟು ತಿಂಗಳು ಅಲೆದರು.

ಮೊದಲು ಆ ಬೀಗ ತೆಗೆಸಿ. ಅದಾಗದಿದ್ದರೆ ಫ್ಲೆಕ್ಸನ್ನಾದರೂ ಕೀಳಿಸಿ. ಮೇಲಿನವರು ಬಂದು ಒಂದು ರಾತ್ರಿ ನನ್ನ ಚಾಪೆ ಹಾಸಿದ ಜಾಗದಲ್ಲಿ ಮಲಗಲಿ. ನಾಚಿಕೆಯಾಗಬೇಕು ಇವರಿಗೆ.

— ನಿಮ್ಮ ಓದುಗಳು