ಸಾಣಿಕಟ್ಟೆಯ ಉಪ್ಪು, ಅಘನಾಶಿನಿಯ ಕಗ್ಗ

ಮಾನ್ಯ ಸಂಪಾದಕರೇ,

ಗೋಕರ್ಣಕ್ಕೆ ಹೋಗುವವರು ಜಾಸ್ತಿ, ಆದರೆ ಪಕ್ಕದ ಸಾಣಿಕಟ್ಟೆಯಲ್ಲಿ ಗಾಡಿ ನಿಲ್ಲಿಸುವವರು ತೀರಾ ಕಡಿಮೆ. ಬೇಸಿಗೆಯಲ್ಲಿ ಒಮ್ಮೆ ಇಳಿದು ನೋಡಿ. ಸಮುದ್ರದ ಭರತದ ನೀರನ್ನು ಕಾಲುವೆಯಲ್ಲಿ ಒಳಗೆ ಬಿಟ್ಟು, ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸಿ, ಬಿಸಿಲಿಗೆ ಗಟ್ಟಿಯಾದ ಉಪ್ಪನ್ನು ಉದ್ದ ಹಿಡಿಯ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಮೈ ಸುಡುವ ಕೆಲಸ ಅದು.

1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾ ಗಂಗಾವಳಿ ನದಿಯ ಆಚೆಗೇ ಇದೆ. ಅದು ಪಾಠಪುಸ್ತಕದಲ್ಲಿ ಬಂತು, ಇಂದಿಗೂ ಉಪ್ಪು ತೆಗೆಯುವ ಈ ಊರು ಬರಲಿಲ್ಲ.

ಇಲ್ಲೇ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು) ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಮಳೆ ಬಂದು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತನೆ, ಗೊಬ್ಬರ ಬೇಡ, ಗದ್ದೆ ಕೆಲವು ದಿನ ಮುಳುಗಿದರೂ ಪೈರು ಸಾಯುವುದಿಲ್ಲ. ಕೊಯ್ಲಾದ ಮೇಲೆ ಅದೇ ನೀರಿನಲ್ಲಿ ಮೀನು, ಸಿಗಡಿ. ಆದರೆ ಗದ್ದೆ ಕಾಯುವ ಒಡ್ಡು ಒಡೆದು ಉಪ್ಪುನೀರು ನುಗ್ಗಿದರೆ ಎಲ್ಲ ಮುಗಿಯಿತು, ಹಾಗೆ ಹಡಿಲು (ಪಾಳು) ಬಿದ್ದ ಗದ್ದೆಗಳು ಎಷ್ಟೋ.

ಈ ಅಳಿವೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ್ದು 2024ರಲ್ಲಿ ಘೋಷಣೆಯಾಯಿತು. ತುಂಬಾ ಸಂತೋಷ. ಆದರೆ ಪಟ್ಟಿಗೆ ಸೇರಿದರೆ ಸುಮ್ನೆ ಒಡ್ಡು ಗಟ್ಟಿಯಾಗುತ್ತದಾ? ಮಳೆಗಾಲಕ್ಕೆ ಮುಂಚೆ ಒಡ್ಡು ರಿಪೇರಿ ಆಗಬೇಕು, ಕಗ್ಗ ಅಕ್ಕಿಗೆ ಒಳ್ಳೆ ದರ ಸಿಗಬೇಕು, ಜಿಲ್ಲೆಯ ಶಾಲೆ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಈ ಉಪ್ಪಿನಾಗರಕ್ಕೆ ಕರೆತರಬೇಕು. ಸಂಬಂಧಪಟ್ಟವರು ಈ ವರ್ಷವೇ ಶುರು ಮಾಡಲಿ.

– ಓದುಗ, ಕುಮಟಾ ತಾಲ್ಲೂಕು