ಸನ್ನಿಧಿಯನ್ನು ಬಿಟ್ಟು ಸಮೃದ್ಧಿಯನ್ನಷ್ಟೇ ಕೇಳುವವರಿಗೆ

ಮಾನ್ಯ ಸಂಪಾದಕರೇ,

ಕ್ರೈಸ್ತರ ಪ್ರಾರ್ಥನಾ ಕೂಟಗಳಲ್ಲಿ ಕೊಡಲಾಗುವ ಭರವಸೆಗಳ ಕುರಿತು ತಮ್ಮ ಪತ್ರಿಕೆಯ ವಾಚಕರ ವಿಭಾಗದಲ್ಲಿ ಇತ್ತೀಚೆಗೆ ಪ್ರಕಟವಾದ ಪತ್ರಗಳನ್ನು ಗಮನವಿಟ್ಟು ಓದಿದ್ದೇನೆ. ನಂಬಿಕೆ ಗಟ್ಟಿಯಾಗಿದ್ದರೆ ಸಾಲ, ಕಾಯಿಲೆ, ನಿರುದ್ಯೋಗ ಯಾವುದೂ ಮನೆಯ ಹೊಸ್ತಿಲು ದಾಟಿ ಒಳಗೆ ಬರಲಾರದು ಎಂದು ಒಬ್ಬರು ಬರೆದಿದ್ದರು. ದೇವರ ಸನ್ನಿಧಿಯ ಶಾಂತಿ ಎಂಬುದು ಕಷ್ಟದಲ್ಲಿರುವವರನ್ನು ಸುಮ್ಮನಿರಿಸಲು ಕೊಡುವ ಮಂಪರು ಎಂದು ಇನ್ನೊಬ್ಬರು ಉತ್ತರಿಸಿದ್ದರು. ಎದುರುಬದುರಾಗಿ ನಿಂತಂತೆ ಕಾಣುವ ಈ ಇಬ್ಬರೂ ಒಂದು ವಿಷಯದಲ್ಲಿ ಒಂದೇ ಕಡೆ ಇದ್ದಾರೆ: ಇಬ್ಬರ ಲೆಕ್ಕದಲ್ಲೂ ದೇವರ ಸನ್ನಿಧಿ ಎಂಬುದು ಬೇರೇನನ್ನೋ ಪಡೆಯುವ ದಾರಿ. ಆ ದಾರಿ ಊರು ಮುಟ್ಟಿಸುತ್ತದೆಯೇ ಇಲ್ಲವೇ ಎಂಬುದಷ್ಟೇ ಅವರ ಜಗಳ. ಬೈಬಲ್ಲಿನಲ್ಲಿ ಸಂಗತಿ ಹೀಗಿಲ್ಲ ಎಂಬುದನ್ನು, ಸಭೆಯ ಒಬ್ಬ ಸಾಮಾನ್ಯ ವಿಶ್ವಾಸಿಯಾಗಿ, ತಮ್ಮ ಓದುಗರ ಮುಂದಿಡಲು ಈ ಪತ್ರ.

ವಿಮೋಚನಕಾಂಡದ 33ನೆಯ ಅಧ್ಯಾಯದಲ್ಲಿ, ಉಪದೇಶಗಳಲ್ಲಿ ಅಷ್ಟಾಗಿ ಕೇಳಿಬರದ ಒಂದು ಪ್ರಸಂಗವಿದೆ. ಐಗುಪ್ತದ, ಅಂದರೆ ಈಜಿಪ್ಟಿನ, ದಾಸತ್ವದಿಂದ ಬಿಡುಗಡೆಯಾದ ಇಸ್ರಾಯೇಲ್ಯರು ಸೀನಾಯಿ ಬೆಟ್ಟದ ಬುಡದಲ್ಲಿ ಚಿನ್ನದ ಬಸವನನ್ನು ಎರಕಹೊಯ್ದು ಅದಕ್ಕೆ ಅಡ್ಡಬಿದ್ದ ನಂತರದ ಮಾತು ಇದು. ದೇವರಾದ ಯೆಹೋವನು ಅವರ ನಾಯಕನಾದ ಮೋಶೆಗೆ ಹೇಳುತ್ತಾನೆ: ಹಾಲೂ ಜೇನೂ ಹರಿಯುವ ಆ ದೇಶಕ್ಕೆ ನೀವು ಹೋಗಿ, ದಾರಿ ತೋರಿಸಲು ನನ್ನ ದೂತನನ್ನು ಕಳುಹಿಸುತ್ತೇನೆ, ಅಲ್ಲಿರುವ ಶತ್ರುಗಳನ್ನು ಓಡಿಸಿಬಿಡುತ್ತೇನೆ, ಆದರೆ ನಾನು ನಿಮ್ಮ ನಡುವೆ ಬರುವುದಿಲ್ಲ. ಅಂದರೆ ನೆಲ ಉಂಟು, ಬೆಳೆ ಉಂಟು, ಜಯ ಉಂಟು. ಕೊಡುವವನು ಮಾತ್ರ ಜೊತೆಗಿಲ್ಲ. ಇಂದಿನ ಎಷ್ಟೋ ವೇದಿಕೆಗಳಿಂದ ಘೋಷಿಸಲಾಗುವ ಆಶೀರ್ವಾದದ ಪಟ್ಟಿಗೆ ಇದರಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಈ ಮಾತನ್ನು ಕೇಳಿದ ಜನರು ಹಬ್ಬ ಮಾಡಲಿಲ್ಲ, ದುಃಖಪಟ್ಟು ಮೈಮೇಲಿನ ಒಡವೆಗಳನ್ನು ಬಿಚ್ಚಿಟ್ಟರು. ಮೋಶೆಯಂತೂ ನೀನೇ ಬಾರದಿದ್ದರೆ ನಮ್ಮನ್ನು ಇಲ್ಲಿಂದ ಕದಲಿಸಲೇಬೇಡ ಎಂದು ಪಟ್ಟುಹಿಡಿದನು. ಅವನು ನಿಂತಿದ್ದದ್ದು ಮರುಭೂಮಿಯಲ್ಲಿ. ದೇವರೊಂದಿಗೆ ಆ ಬರಡು ನೆಲದಲ್ಲಿಯೇ ಉಳಿಯುವುದು, ದೇವರಿಲ್ಲದೆ ಸಮೃದ್ಧಿಯ ನಾಡನ್ನು ಸೇರುವುದಕ್ಕಿಂತ ಮೇಲು ಎಂದು ಅವನು ತೀರ್ಮಾನಿಸಿದ್ದನು. ನನ್ನ ಸನ್ನಿಧಿಯು ನಿನ್ನೊಂದಿಗೆ ಬರುವುದು, ನಿನಗೆ ವಿಶ್ರಾಂತಿಯನ್ನು ಕೊಡುವೆನು ಎಂಬ ವಾಗ್ದಾನ ಬಂದದ್ದು ಈ ಸಂಭಾಷಣೆಯ ನಡುವೆಯೇ. ವಿಶ್ರಾಂತಿಯ ಆ ಮಾತನ್ನು ಅದರ ಹಿಂದುಮುಂದಿನ ಪ್ರಸಂಗದಿಂದ ಕತ್ತರಿಸಿ ಗೋಡೆಗೆ ತೂಗುಹಾಕುವವರು, ಮೋಶೆ ಆ ಹೊತ್ತಿನಲ್ಲಿ ಯಾವುದನ್ನು ಬೇಡವೆಂದ ಎಂಬುದನ್ನೂ ಸ್ವಲ್ಪ ನೋಡಬೇಕು.

ಹಾಗಾದರೆ ಹೊಟ್ಟೆಪಾಡಿನ ವಿಷಯದಲ್ಲಿ ದೇವರು ಮೌನವೇ ಎಂದು ಕೇಳಿದರೆ, ಖಂಡಿತ ಅಲ್ಲ. ಅದೇ ಮರುಭೂಮಿಯಲ್ಲಿ ಮುಂಜಾನೆಯ ಮಂಜು ಆರಿದ ಮೇಲೆ ನೆಲದ ಮೇಲೆ ಕೊತ್ತಂಬರಿ ಬೀಜದಂತೆ ಬೆಳ್ಳಗೆ ಬಿದ್ದಿರುತ್ತಿದ್ದ ಮನ್ನ ಎಂಬ ಆಹಾರವನ್ನು ಜನರು 40 ವರ್ಷ ಉಂಡರು. ಆದರೆ ಅದನ್ನು ಕೊಟ್ಟ ಕ್ರಮ ವಿಚಿತ್ರವಾದದ್ದು. ತಲೆಗೆ ಒಂದು ಓಮೆರ್ ಅಳತೆ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಹೋಗಲಿಲ್ಲ. ನಾಳೆಗಿರಲಿ ಎಂದು ಎತ್ತಿಟ್ಟದ್ದು ಬೆಳಗಾಗುವಷ್ಟರಲ್ಲಿ ಹುಳಬಿದ್ದು ನಾತ ಹೊಡೆಯಿತು. ಆರನೆಯ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು, ಏಳನೆಯ ದಿನ ಏನೂ ಬೀಳುತ್ತಿರಲಿಲ್ಲ, ಹಿಂದಿನ ದಿನ ಎತ್ತಿಟ್ಟದ್ದು ಆ ಒಂದು ದಿನ ಮಾತ್ರ ಕೆಡುತ್ತಿರಲಿಲ್ಲ. ಕಣಜ ತುಂಬಿಕೊಂಡು ದೇವರನ್ನು ಮರೆಯಲು ಈ ವ್ಯವಸ್ಥೆಯಲ್ಲಿ ಆಸ್ಪದವೇ ಇಲ್ಲ. ಪ್ರತಿ ಬೆಳಿಗ್ಗೆ ಗುಡಾರದಿಂದ ಹೊರಬಂದು ಬಗ್ಗಿ ಆರಿಸಿಕೊಳ್ಳಲೇಬೇಕು. ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿಯೂ ಕೇಳುವುದು ಅನುದಿನದ ಆಹಾರವನ್ನೇ. ಒಂದು ವರ್ಷದ ದಾಸ್ತಾನನ್ನು ಕೇಳಲು ಆತನು ಹೇಳಿಕೊಡಲಿಲ್ಲ. ಇದು ಜಿಪುಣತನದಂತೆ ಕಾಣಬಹುದು, ಆದರೆ ನಾಳೆಯ ಭಯವನ್ನು ಇಂದೇ ಹೊತ್ತುಕೊಂಡು ನಿದ್ದೆಗೆಟ್ಟವರಿಗೆ ಇದರಲ್ಲಿರುವ ಬಿಡುಗಡೆ ಬೇಗ ತಿಳಿಯುತ್ತದೆ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ಓದುವುದು ಪ್ರವಾದಿಯಾದ ಎಲೀಯನ ಚರಿತ್ರೆಯನ್ನು. ಬರಗಾಲದಲ್ಲಿ ದೇವರು ಅವನನ್ನು ಕೆರೀತ್ ಹಳ್ಳದ ಬಳಿಗೆ ಕಳುಹಿಸುತ್ತಾನೆ. ಕಾಗೆಗಳು ಬೆಳಿಗ್ಗೆ ಸಂಜೆ ರೊಟ್ಟಿ ಮಾಂಸ ತಂದುಕೊಡುತ್ತವೆ, ಕುಡಿಯಲು ಹಳ್ಳದ ನೀರು. ಇಷ್ಟನ್ನು ಭಾನುವಾರದ ಮಕ್ಕಳ ತರಗತಿಯಲ್ಲಿ ಎಲ್ಲರೂ ಕೇಳಿರುತ್ತಾರೆ. ಕೆಲವು ದಿನಗಳಾದ ಮೇಲೆ, ಮಳೆಯಿಲ್ಲದ ಕಾರಣ ಆ ಹಳ್ಳವೇ ಬತ್ತಿಹೋಯಿತು ಎಂಬ ಮುಂದಿನ ಸಾಲಿನ ಮೇಲೆ ನಿಲ್ಲುವವರು ಕಡಿಮೆ. ದೇವರೇ ತೋರಿಸಿದ ಹಳ್ಳ, ದೇವರ ಮಾತಿಗೆ ತಲೆಬಾಗಿ ಹೋದ ಮನುಷ್ಯ, ಆದರೂ ನೀರು ಬತ್ತಿತು. ಕೆಲಸ ಕಳೆದುಕೊಂಡವರನ್ನು ಕೂರಿಸಿಕೊಂಡು ನಿಮ್ಮಲ್ಲಿ ಯಾವ ಪಾಪವಿದೆ, ನಂಬಿಕೆ ಎಲ್ಲಿ ಸಡಿಲಾಯಿತು ಎಂದು ವಿಚಾರಣೆ ನಡೆಸುವ ಬೋಧಕರು ಈ ಒಂದು ಸಾಲಿಗೆ ಉತ್ತರ ಕೊಡಬೇಕು. ಹಳ್ಳ ಬತ್ತಿದಾಗ ಎಲೀಯನಿಗೆ ಸಿಕ್ಕಿದ್ದು ಇನ್ನೊಂದು ಹಳ್ಳವಲ್ಲ. ಪರದೇಶದ ಚಾರೆಪ್ತಾ ಎಂಬ ಊರಿನ ಒಬ್ಬ ಬಡ ವಿಧವೆಯ ಮನೆ. ಆಕೆ ಊರಬಾಗಿಲಲ್ಲಿ ಸೌದೆ ಆರಿಸುತ್ತಿದ್ದಳು. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ತುಸು ಎಣ್ಣೆ; ಅದರಲ್ಲಿ ರೊಟ್ಟಿ ಮಾಡಿ ತಾನೂ ಮಗನೂ ತಿಂದು ಸಾಯುವುದು ಎಂದು ಆಕೆ ಲೆಕ್ಕ ಹಾಕಿಕೊಂಡಿದ್ದಳು. ಅಲ್ಲಿ ನಡೆದ ಅದ್ಭುತವೂ ಎಂಥದು ನೋಡಿ. ಮಡಕೆ ತುಂಬಿ ತುಳುಕಿತೆಂದು ಎಲ್ಲಿಯೂ ಬರೆದಿಲ್ಲ, ಹಿಟ್ಟು ತೀರಲಿಲ್ಲ ಎಂದಷ್ಟೇ ಇದೆ. ಮಳೆ ಬರುವ ತನಕ ಆ ಹೆಣ್ಣುಮಗಳು ಪ್ರತಿದಿನ ಮಡಕೆಯ ತಳಕ್ಕೇ ಕೈಹಾಕಿರಬೇಕು ಎಂದು ನನಗೆ ಅನ್ನಿಸುತ್ತದೆ.

ಇದೇ ಎಲೀಯನು ಮುಂದೆ, ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳ ವಿರುದ್ಧ ಪಡೆದ ಆ ದೊಡ್ಡ ಜಯದ ಬೆನ್ನಿಗೇ, ಈಜೆಬೆಲ್ ರಾಣಿಯ ಬೆದರಿಕೆಗೆ ಹೆದರಿ ಅರಣ್ಯಕ್ಕೆ ಓಡಿಹೋಗುತ್ತಾನೆ. ಒಂದು ಕುರುಚಲು ಗಿಡದ ಕೆಳಗೆ ಕುಳಿತು, ನನಗೆ ಸಾಕಾಯಿತು, ಪ್ರಾಣ ತೆಗೆದುಕೋ ಎಂದು ದೇವರಲ್ಲಿ ಬೇಡಿ, ಅಲ್ಲಿಯೇ ಮಲಗಿಬಿಡುತ್ತಾನೆ. ದೇವದೂತನು ಬಂದು ಅವನನ್ನು ಮುಟ್ಟಿ ಎಬ್ಬಿಸುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಉಂಡು ಕುಡಿದು ಅವನು ಮತ್ತೆ ಮಲಗುತ್ತಾನೆ. ದೂತನು ಎರಡನೆಯ ಸಲ ಬಂದು, ಏಳು, ಊಟಮಾಡು, ನಿನ್ನ ಶಕ್ತಿಗೆ ಮೀರಿದ ಪ್ರಯಾಣ ಮುಂದಿದೆ ಎನ್ನುತ್ತಾನೆ. ಇಷ್ಟೇ ಮಾತು. ಸಾವನ್ನು ಬೇಡಿದ ಮನುಷ್ಯನಿಗೆ ಬೈಗುಳವಿಲ್ಲ, ಅವನ ನಂಬಿಕೆಯ ಪರೀಕ್ಷೆಯಿಲ್ಲ, ಉಪದೇಶವೂ ಇಲ್ಲ. ನಿದ್ದೆ, ಬಿಸಿ ರೊಟ್ಟಿ, ಮತ್ತೆ ನಿದ್ದೆ. ಗಾಳಿ, ಭೂಕಂಪ, ಬೆಂಕಿಗಳ ನಂತರ ಹೋರೇಬ್ ಬೆಟ್ಟದಲ್ಲಿ ಅವನಿಗೆ ಕೇಳಿಸಿದ ದೇವರ ಮೆಲುದನಿಯ ಕುರಿತು ಭಾವುಕರಾಗಿ ಮಾತನಾಡುವ ನಾವು, ಆ ದನಿಯನ್ನು ಕೇಳಿಸಿಕೊಳ್ಳುವ ಮುಂಚೆ ಅವನಿಗೆ ಎರಡು ಹೊತ್ತು ಊಟ ಹಾಕಲಾಗಿತ್ತು ಎಂಬುದನ್ನು ಮರೆಯಬಾರದು. ಖಿನ್ನತೆಯಲ್ಲಿರುವವರಿಗೆ ಇನ್ನಷ್ಟು ಉಪವಾಸ ಮಾಡಿ ಎಂದು ಹೇಳುವ ಸಲಹೆಗಾರರ ಬಗ್ಗೆ ನನಗಿರುವ ಅಸಮಾಧಾನಕ್ಕೆ ಇದೇ ಕಾರಣ. ವೈದ್ಯರ ಬಳಿಗೆ ಹೋಗುವುದು ಅಪನಂಬಿಕೆ ಎನ್ನುವವರ ವಿಷಯವನ್ನು ಇಲ್ಲಿ ಎತ್ತುವುದೇ ಬೇಡ.

ಶಾಂತಿಯ ಮಾತಿಗೆ ಬಂದರೆ, ಎಲ್ಲ ಗ್ರಹಿಕೆಯನ್ನು ಮೀರುವ ದೇವಶಾಂತಿ ಎಂದು ಬರೆದ ಅಪೊಸ್ತಲ ಪೌಲನು ಆಗ ಸೆರೆಯಲ್ಲಿದ್ದನು. ಫಿಲಿಪ್ಪಿ ಎಂಬ ಊರಿನ ಕ್ರೈಸ್ತ ಸಭೆಗೆ ಅವನು ಬರೆದ ಪತ್ರದಲ್ಲಿ, ತನಗೆ ಮರಣದಂಡನೆಯಾದೀತೋ ಬಿಡುಗಡೆಯಾದೀತೋ ಎಂಬ ಅನಿಶ್ಚಯ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಇರುವ ಸ್ಥಿತಿಯಲ್ಲಿ ಸಂತೃಪ್ತನಾಗಿರುವುದನ್ನು ಕಲಿತುಕೊಂಡಿದ್ದೇನೆ ಎಂದು ಅವನು ಹೇಳುತ್ತಾನೆ. ಹುಟ್ಟಿನಿಂದ ಬಂದ ಗುಣವೆಂದಾಗಲಿ, ಒಂದು ರಾತ್ರಿಯಲ್ಲಿ ದೊರೆತ ವರವೆಂದಾಗಲಿ ಹೇಳುವುದಿಲ್ಲ. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ, ಇಂದು ಪರೀಕ್ಷೆಗಳಿಗೂ ಪಂದ್ಯಗಳಿಗೂ ಉಲ್ಲೇಖಿಸಲಾಗುವ ಮಾತು, ಅಲ್ಲಿ ಹಸಿವನ್ನೂ ಕೊರತೆಯನ್ನೂ ತಾಳಿಕೊಳ್ಳುವ ಶಕ್ತಿಯ ಕುರಿತದ್ದು. ಇನ್ನೂ ಒಂದು ಸಂಗತಿ ಅದೇ ಪತ್ರದಲ್ಲಿದೆ. ದೇವರು ನಿಮ್ಮ ಪ್ರತಿಯೊಂದು ಕೊರತೆಯನ್ನೂ ನೀಗಿಸುವನು ಎಂದು ಪೌಲನು ಬರೆದದ್ದು ಆ ಸಭೆಯವರಿಗೆ ರಸೀದಿ ಕೊಡುವ ಹೊತ್ತಿನಲ್ಲಿ. ಅವರು ತಮ್ಮವನೇ ಆದ ಎಪಫ್ರೊದೀತನ ಕೈಯಲ್ಲಿ ಸಹಾಯ ಕಳುಹಿಸಿದ್ದರು, ಅದನ್ನು ತಂದ ಎಪಫ್ರೊದೀತನು ರೋಗದಿಂದ ಸಾಯುವ ಸ್ಥಿತಿಗೆ ಹೋಗಿ ಬದುಕಿದ್ದನು. ಪೌಲನ ಕೊರತೆಯನ್ನು ದೇವರು ನೀಗಿಸಿದ್ದು ಹೌದು, ಆದರೆ ಅದನ್ನು ಹೊತ್ತು ತಂದವನು ಅದಕ್ಕಾಗಿ ಪ್ರಾಣವನ್ನೇ ಪಣಕ್ಕಿಟ್ಟಿದ್ದನು.

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1836ರಿಂದ ಅನಾಥ ಮಕ್ಕಳಿಗಾಗಿ ಮನೆಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಅವರ ಹೆಸರನ್ನು ಇಂಥ ಚರ್ಚೆಗಳಲ್ಲಿ ಯಾರಾದರೂ ತಂದೇ ತರುತ್ತಾರೆ. ಅವರು ಮನುಷ್ಯರ ಬಳಿ ಹಣ ಕೇಳದೆ ಪ್ರಾರ್ಥನೆಯನ್ನೇ ನೆಚ್ಚಿದವರು, ಸಾವಿರಾರು ಮಕ್ಕಳನ್ನು ಸಾಕಿದವರು ಎಂಬುದು ನಿಜ. ಆದರೆ ಬಂದ ಕಾಣಿಕೆಯನ್ನು ಎಷ್ಟೇ ಚಿಕ್ಕದಾದರೂ ಬರೆದಿಟ್ಟು, ಲೆಕ್ಕವನ್ನು ವರದಿಗಳಲ್ಲಿ ಪ್ರಕಟಿಸುತ್ತಿದ್ದವರೂ ಅವರೇ. ಅವರನ್ನು ಉದಾಹರಿಸುವ ಸಂಸ್ಥೆಗಳೆಲ್ಲ ಆ ಲೆಕ್ಕದ ಪುಸ್ತಕವನ್ನೂ ಅನುಸರಿಸಿದರೆ ಎಷ್ಟು ಚೆನ್ನ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಮರೆಮಾಚಿದರೆ ಈ ಪತ್ರ ಪ್ರಾಮಾಣಿಕವಾಗದು. ಪ್ರಾರ್ಥಿಸಿದ ಎಲ್ಲರಿಗೂ ರೊಟ್ಟಿ ಸಿಕ್ಕಿಲ್ಲ. ಹಸಿವು ಬಾಯಾರಿಕೆಗಳನ್ನೂ ಚಳಿಯನ್ನೂ ಅನುಭವಿಸಿದೆನೆಂದು ಪೌಲನೇ ಬರೆದಿದ್ದಾನೆ. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ಸಿಂಹಗಳ ಬಾಯಿ ಕಟ್ಟಿದವರ ಪಕ್ಕದಲ್ಲಿಯೇ, ಕುರಿ ಮೇಕೆಗಳ ಚರ್ಮ ಹೊದ್ದು ಗುಹೆಗಳಲ್ಲಿ ಅಲೆದವರೂ ಕತ್ತಿಗೆ ಬಲಿಯಾದವರೂ ಇದ್ದಾರೆ. ನಂಬಿಕೆಯ ವಿಷಯದಲ್ಲಿ ಎರಡು ಗುಂಪಿಗೂ ಒಂದೇ ಸಾಕ್ಷಿ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಫಲಿಸದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿ ಬರಿದಾದರೂ ಯೆಹೋವನಲ್ಲಿ ಉಲ್ಲಾಸಿಸುವೆನು ಎಂದ ಪ್ರವಾದಿ ಹಬಕ್ಕೂಕನು, ಅದಕ್ಕೆ ಮುಂಚೆ ತನ್ನ ತುಟಿ ಅದುರಿತು, ಕಾಲು ನಡುಗಿತು ಎಂದೂ ಹೇಳಿಕೊಂಡಿದ್ದಾನೆ. ಕೆಲವರಿಗೆ ಹೀಗೆ, ಕೆಲವರಿಗೆ ಹಾಗೆ ಏಕೆ ಎಂಬುದಕ್ಕೆ ಬೈಬಲ್ ಸೂತ್ರ ಕೊಡುವುದಿಲ್ಲ. ಸೂತ್ರ ಗೊತ್ತಿದೆ ಎನ್ನುವವರನ್ನು ನಾನು ನಂಬುವುದಿಲ್ಲ. ನನ್ನ ಮನೆಯಲ್ಲಿ ದೀರ್ಘ ಕಾಯಿಲೆ ಇದ್ದ ದಿನಗಳಲ್ಲಿ ಬಹಳ ಮಂದಿ ಬಂದು ವಚನಗಳನ್ನು ಹೇಳಿಹೋದರು. ಸಭೆಯ ಒಬ್ಬ ಹಿರಿಯರು ಮಾತ್ರ ಏನೂ ಹೇಳದೆ ಹಾಸಿಗೆಯ ಪಕ್ಕ ರಾತ್ರಿ ಕುಳಿತು, ನಮ್ಮನ್ನು ಮಲಗಲು ಕಳುಹಿಸಿ, ಬೆಳಿಗ್ಗೆ ಪಾತ್ರೆಗಳನ್ನು ತೊಳೆದಿಟ್ಟು ಹೋದರು. ದೇವರು ನಮ್ಮ ಹತ್ತಿರವಿದ್ದಾನೆ ಎಂಬುದು ಆ ದಿನಗಳಲ್ಲಿ ನನಗೆ ತಿಳಿದದ್ದು ಅವರಿಂದ.

ಆದ್ದರಿಂದಲೇ, ಇಷ್ಟು ಕಾಣಿಕೆ ಬಿತ್ತಿದರೆ ನೂರರಷ್ಟು ಕೊಯ್ಯುವಿರಿ ಎಂದು ಸಾಲಗಾರರ ಕೈಯಿಂದ ಹಣ ಪಡೆಯುವ ಬೋಧನೆಯನ್ನು ನಾನು ಖಂಡಿಸುತ್ತೇನೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆಯ ಪ್ರಸಂಗವನ್ನು ಅವರು ತಪ್ಪದೆ ಓದುತ್ತಾರೆ. ಮಾರ್ಕನ ಸುವಾರ್ತೆಯಲ್ಲಿ ಅದಕ್ಕೆ ತಾಗಿಕೊಂಡೇ, ವಿಧವೆಯರ ಮನೆಗಳನ್ನು ನುಂಗಿ ನಟನೆಗಾಗಿ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ವಿಷಯದಲ್ಲಿ ಯೇಸು ಜನರಿಗೆ ಕೊಟ್ಟ ಎಚ್ಚರಿಕೆ ಇದೆ. ಅದನ್ನೂ ಅದೇ ಉಸಿರಿನಲ್ಲಿ ಓದಲಿ. ಶಾಂತಿ ಎಂಬುದು ಮಂಪರು ಎಂದ ಓದುಗರಿಗೂ ಒಂದು ಮಾತು: ಅವರ ಸಿಟ್ಟಿಗೆ ಬೈಬಲ್ಲಿನಲ್ಲೇ ಜಾಗವಿದೆ. ಬಟ್ಟೆಯಿಲ್ಲದವರಿಗೆ, ಹಸಿದವರಿಗೆ ಏನನ್ನೂ ಕೊಡದೆ, ಸಮಾಧಾನದಿಂದ ಹೋಗಿರಿ ಎಂದರೆ ಏನು ಪ್ರಯೋಜನ ಎಂದು ಯಾಕೋಬನ ಪತ್ರ ನೇರವಾಗಿಯೇ ಕೇಳುತ್ತದೆ. ಯೆರೂಸಲೇಮಿನ ಮೊದಲ ಸಭೆಯಲ್ಲಿ ದಿನನಿತ್ಯದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ, ಅಪೊಸ್ತಲರು ಸಹನೆಯ ಕುರಿತು ಪ್ರಸಂಗ ಮಾಡಲಿಲ್ಲ, ಆ ಕೆಲಸಕ್ಕೆಂದೇ ಏಳು ಮಂದಿಯನ್ನು ನೇಮಿಸಿದರು. ಮುಂದೆ ಅದೇ ಯೆರೂಸಲೇಮಿನ ಬಡವರಿಗಾಗಿ ಕೊರಿಂಥ ಎಂಬ ಊರಿನ ಸಭೆಯವರ ಬಳಿ ಹಣ ಕೂಡಿಸುವಾಗ ಪೌಲನು ನೆನಪಿಸಿದ್ದು ಮನ್ನದ ಆ ಹಳೆಯ ಅಳತೆಯನ್ನೇ: ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ಮರುಭೂಮಿಯಲ್ಲಿ ದೇವರು ತಾನೇ ಸರಿದೂಗಿಸಿದ್ದನ್ನು, ಸಭೆಯಲ್ಲಿ ಉಳ್ಳವರ ಕೈಯಿಂದ ಸರಿದೂಗಿಸಬೇಕೆಂದು ಅವನು ಕೇಳಿದನು.

ಆದಕಾರಣ ಸಭಾಪಾಲಕರಲ್ಲಿಯೂ ಹಿರಿಯರಲ್ಲಿಯೂ ತಮ್ಮ ಪತ್ರಿಕೆಯ ಮೂಲಕ ನನ್ನ ವಿನಂತಿ ಇಷ್ಟು. ಸಾಲ ತೀರಲೆಂದು ಪ್ರಾರ್ಥನೆ ಕೇಳಿಕೊಂಡು ಬರುವವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿರಿ, ಅದು ಬೇಕೇ ಬೇಕು. ಪ್ರಾರ್ಥನೆ ಮುಗಿದ ಮೇಲೆ ಅವರನ್ನು ಕಳುಹಿಸಿಬಿಡದೆ, ಸಾಲ ಎಷ್ಟು, ಯಾರಲ್ಲಿ, ಬಡ್ಡಿ ಏನು, ಮನೆಯಲ್ಲಿ ದುಡಿಯುವವರು ಯಾರು, ಮಕ್ಕಳ ಶಾಲೆಯ ಶುಲ್ಕ ಕಟ್ಟಲಾಗಿದೆಯೇ ಎಂದು ಕೇಳಿರಿ. ಕಾಣಿಕೆಯ ಪೆಟ್ಟಿಗೆಯಲ್ಲಿ ಒಂದು ಪಾಲನ್ನು ಇಂಥವರಿಗಾಗಿಯೇ ಮೀಸಲಿಟ್ಟು, ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಸಭೆಯ ಮುಂದೆ ಓದಿರಿ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ