ಲಾಲ್‌ಬಾಗ್‌ನ ಹಳೇ ಚಿತ್ರ, ಪಟ್ಟಿಗಳೂ ಜನರಿಗೆ ಸಿಗಲಿ

ಸಂಪಾದಕರಿಗೆ ನಮಸ್ಕಾರ,

ಲಾಲ್‌ಬಾಗ್ ಅಂದ್ರೆ ಎಲ್ರೂ ಫ್ಲವರ್ ಶೋ, ಗಾಜಿನ ಮನೆ ಅಂತಾರೆ, ಆದ್ರೆ ಆ ತೋಟದ ಹಳೇ ಸಸ್ಯಚಿತ್ರ, ಗಿಡಗಳ ಪಟ್ಟಿ, ಕಾಗದಪತ್ರಗಳ ಬಗ್ಗೆ ಮಾತಾಡೋರು ತುಂಬಾ ಕಮ್ಮಿ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ್ದು, ಟಿಪ್ಪು ಬೆಳೆಸಿದ್ದು ಎಲ್ರಿಗೂ ಗೊತ್ತು. 1856ರಲ್ಲಿ ಸರ್ಕಾರಿ ಸಸ್ಯತೋಟ ಆದ್ಮೇಲೆ ಲಂಡನ್ನಿನ ಕ್ಯೂ ಗಾರ್ಡನ್ಸ್ ಅನ್ನೋ ಸಸ್ಯತೋಟದಿಂದ ವಿಲಿಯಂ ನ್ಯೂ ಬಂದ್ರು, ಇಲ್ಲಿದ್ದ ಗಿಡಗಳ ಪಟ್ಟಿ ಮಾಡಿ 1861ರಲ್ಲಿ ಪ್ರಿಂಟ್ ಹಾಕಿಸಿದ್ರು. ಆಮೇಲೆ 1874ರಲ್ಲಿ ಸೂಪರಿಂಟೆಂಡೆಂಟ್ ಆಗಿ ಬಂದ ಜಾನ್ ಕ್ಯಾಮರೂನ್ ಅವರ ಗಿಡಗಳ ಕ್ಯಾಟಲಾಗ್‌ನ ಎರಡನೇ ಆವೃತ್ತಿ 1891ರಲ್ಲಿ ಬಂತು. ನಾವು ಸಾಂಬಾರಿಗೆ ಹಾಕೋ ಸೀಮೆ ಬದನೆಕಾಯಿ ಬೆಂಗಳೂರಿಗೆ ಬಂದಿದ್ದೂ ಅವರ ಕಾಲದಲ್ಲೇ. ಈ ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದ್ರೆ 30 ವರ್ಷದಲ್ಲಿ ಯಾವ ಗಿಡ ಹೊಸದಾಗಿ ಬಂತು, ಯಾವುದು ಪಟ್ಟಿಯಿಂದ ಬಿಟ್ಟುಹೋಯ್ತು ಅಂತ ಗೊತ್ತಾಗುತ್ತೆ, ಇವತ್ತು ಬೆಂಗಳೂರಲ್ಲಿ ಮರ ನೆಡೋರಿಗೆ ಇದಕ್ಕಿಂತ ಉಪಯೋಗದ ಮಾಹಿತಿ ಇನ್ನೇನ್ ಬೇಕು ಹೇಳಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಚೆಲುವಯ್ಯ ರಾಜು ಅವರ ಚಿತ್ರಗಳು. ಕ್ಯಾಮರೂನ್, ಅವರ ನಂತರ ಸೂಪರಿಂಟೆಂಡೆಂಟ್ ಆದ ಕ್ರುಂಬಿಗಲ್, ಇವರಿಬ್ಬರ ಕಾಲದಲ್ಲಿ ತೋಟದ ಕಲಾವಿದರಾಗಿದ್ದೋರು. ಗಿಡನ ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿಟ್ರೆ ಆಕಾರ ಉಳಿಯುತ್ತೆ, ಬಣ್ಣ ಹೋಗ್ಬಿಡುತ್ತೆ, ಕಲರ್ ಫೋಟೋ ಇನ್ನೂ ಬಳಕೆಗೆ ಬಂದಿರದ ಆ ಕಾಲದಲ್ಲಿ ಹೂವಿನ ನಿಜವಾದ ಬಣ್ಣ, ಎಸಳಿನ ಅಂಚು, ಎಲೆಯ ನರ ಎಲ್ಲಾ ಚಿತ್ರಗಾರನ ಕೈಯಲ್ಲೇ ಉಳೀಬೇಕಿತ್ತು. ಸೂಪರಿಂಟೆಂಡೆಂಟ್‌ಗಳ ಹೆಸರು ರಸ್ತೆಗೆ, ಹಾಲ್‌ಗೆ ಇಟ್ಟಿದ್ದಾರೆ, ಸಂತೋಷ, ಆದ್ರೆ ನಮ್ಮ ಈ ಕಲಾವಿದರ ಹೆಸರು ಎಷ್ಟು ಜನಕ್ಕೆ ಗೊತ್ತು?

ಕ್ಯೂನೋರು ತಮ್ಮ ಡೈರೆಕ್ಟರ್‌ಗಳಿಗೆ ಜಗತ್ತಿನ ಮೂಲೆಮೂಲೆಯಿಂದ ಬಂದ ಹಳೇ ಪತ್ರಗಳನ್ನ ಸ್ಕ್ಯಾನ್ ಮಾಡಿಸಿದ್ದಾರೆ. ಇಲ್ಲೂ ಚಿತ್ರ, ಕ್ಯಾಟಲಾಗ್, ಹಳೇ ರಿಜಿಸ್ಟರ್ ಎಲ್ಲಾನೂ ಚೆನ್ನಾಗಿ ಸ್ಕ್ಯಾನ್ ಮಾಡಿಸಿ ಕನ್ನಡ ವಿವರಣೆ ಸಮೇತ ಆನ್‌ಲೈನ್‌ನಲ್ಲಿ ಯಾರು ಬೇಕಾದ್ರೂ ಫ್ರೀಯಾಗಿ ನೋಡೋ ಹಾಗೆ ಇಡಲಿ ಅಂತ ತೋಟಗಾರಿಕೆ ಇಲಾಖೆಗೆ ನನ್ನ ಕಳಕಳಿಯ ಮನವಿ. ಜನವರಿ, ಆಗಸ್ಟ್ ಫ್ಲವರ್ ಶೋಗೆ ಅಷ್ಟೊಂದು ಜನ ಬರ್ತಾರಲ್ಲ, ಆಗ ಒಂದು ರೂಮಲ್ಲಿ ಈ ಚಿತ್ರಗಳ ಒಳ್ಳೇ ಪ್ರತಿ ತೂಗುಹಾಕಿ, ಅದೇ ಗಿಡ ತೋಟದಲ್ಲಿ ಎಲ್ಲಿದೆ ಅಂತ ಒಂದು ಮ್ಯಾಪ್ ಕೊಟ್ರೆ ಮಕ್ಕಳು ಹುಡುಕ್ಕೊಂಡು ಹೋಗಿ ನೋಡ್ತಾರೆ. ಹಾಗೇ, ತಲೆತಲಾಂತರದಿಂದ ಅಲ್ಲಿ ಕೆಲಸ ಮಾಡಿದ ಮಾಲಿಗಳ ಮನೆಗಳಲ್ಲಿ ಹಳೇ ಫೋಟೋ, ನೆನಪು ಏನಾದ್ರೂ ಇದ್ರೆ ಅದನ್ನೂ ಈಗ್ಲೇ ಕೇಳಿ ದಾಖಲೆ ಮಾಡ್ಕೊಳ್ಲಿ.

– ಒಬ್ಬ ಓದುಗ, ಬೆಂಗಳೂರು